ಗೋಡೆಯೊಳಗೆ ಹೋಗುವ ಕೇಬಲ್: ಹಣ ಪಾವತಿಗೆ ಮುನ್ನ ನೋಡಬೇಕಾದುದು

ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು 2018ರ ಏಪ್ರಿಲ್ 1ರಂದು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂ. ಮೀರಿದ ವಹಿವಾಟುಳ್ಳವರು ಇತರ ನೋಂದಾಯಿತ ವರ್ತಕರಿಗೆ ನೀಡುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಹೀಗಾಗಿ ಕಚೇರಿಯ ಗಣಕ ಜಾಲ ಕೈಕೊಟ್ಟರೆ ಸರಕು ತುಂಬಿದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಆದರೂ ಹೊಸ ಕಟ್ಟಡ ಕಟ್ಟುವಾಗ ಜಾಲದ ಕೇಬಲ್‌ಗೆ ಸಿಗುವುದು ಬಣ್ಣ ಬಳಿದ ಮೇಲೆ ಉಳಿದ ಹಣ, ಉಳಿದ ಜಾಗ.

ವ್ಯವಸ್ಥಿತ ಕೇಬಲಿಂಗ್ ಎಂಬುದು ದೊಡ್ಡ ಕಂಪನಿಗಳಿಗೆ ಮೀಸಲಾದ ವೈಭವವೇನಲ್ಲ. ಪ್ರತಿ ಮೇಜಿನಿಂದ ಒಂದೊಂದು ಕೇಬಲ್ ಹೊರಟು ನೇರವಾಗಿ ಒಂದೇ ರ‍್ಯಾಕಿಗೆ ಬಂದು ಸೇರುವುದು, ಎರಡೂ ತುದಿಗೆ ಒಂದೇ ಸಂಖ್ಯೆ ಬರೆದಿರುವುದು. ಇದಿಷ್ಟೇ ಅದರ ತಿರುಳು. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಮಾನದಂಡದ ಈ ಮೂಲ ವಿನ್ಯಾಸ ಇಂದಿಗೂ ಬದಲಾಗಿಲ್ಲ. ಮೇಜಿನ ಕೆಳಗೊಂದು ಚಿಕ್ಕ ಸ್ವಿಚ್, ಅದರಿಂದ ಮತ್ತೊಂದಕ್ಕೆ ಎಂದು ಬೆಳೆಸಿಕೊಂಡು ಹೋದ ಕಡೆ ದೋಷ ಎಲ್ಲಿದೆಯೆಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ನೀಡಬಲ್ಲದು. ಕ್ಯಾಟ್ 6 ಸುಮಾರು 55 ಮೀಟರ್‌ವರೆಗೆ, ಕ್ಯಾಟ್ 6ಎ ಪೂರ್ಣ 100 ಮೀಟರ್‌ವರೆಗೆ 10 ಗಿಗಾಬಿಟ್ ಒಯ್ಯುತ್ತವೆ. ಮಧ್ಯಮ ಗಾತ್ರದ ವರ್ತಕರ ಕಚೇರಿಗೆ ಕ್ಯಾಟ್ 6 ಧಾರಾಳವಾಗಿ ಸಾಕು. ಈ 100 ಮೀಟರ್‌ನಲ್ಲಿ ಗೋಡೆಯೊಳಗಿನ ಪಾಲು 90 ಮೀಟರ್ ಮಾತ್ರ. ಉಳಿದ 10 ಎರಡು ತುದಿಯ ಜೋಡಣೆಯ ತಂತಿಗಳಿಗೆ. ಉದ್ದನೆಯ ಗೋದಾಮು ಇದ್ದವರು ಇದನ್ನು ಮೊದಲೇ ಅಳೆದು, ಬೇಕಾದಲ್ಲಿ ಎರಡನೆಯ ರ‍್ಯಾಕ್ ಯೋಜಿಸುವುದು ಲೇಸು.

ನಿಜವಾದ ನಷ್ಟ ಆಗುವುದು ಮಾಲಿನ ಗುಣಮಟ್ಟದಲ್ಲಿ. 305 ಮೀಟರ್‌ನ ಬಾಕ್ಸ್ ಅರ್ಧ ಬೆಲೆಗೆ ದೊರೆತರೆ ಅದರೊಳಗಿನದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆಗಿರುವ ಸಂಭವವೇ ಹೆಚ್ಚು. ಹೊರ ಕವಚದ ಮೇಲೆ ಕ್ಯಾಟ್ 6 ಎಂದೇ ಅಚ್ಚಾಗಿರುತ್ತದೆ. ಆದರೆ ಮಾನದಂಡ ಕೇಳುವುದು ಅಪ್ಪಟ ತಾಮ್ರವನ್ನು. ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ತಾಮ್ರದ ಶೇ. 60ರಷ್ಟು ಮಾತ್ರ, ಬಗ್ಗಿಸಿದಾಗ ಬೇಗ ಮುರಿಯುತ್ತದೆ. ಕಣ್ಗಾವಲು ಕ್ಯಾಮೆರಾಗಳಿಗೆ ಅದೇ ಕೇಬಲ್ ಮೂಲಕ ವಿದ್ಯುತ್ ಕೊಡುವುದು ಈಗ ರೂಢಿ. 2018ರ ಮಾನದಂಡದಂತೆ ಈ ವಿದ್ಯುತ್ 90 ವ್ಯಾಟ್‌ವರೆಗೂ ಇರಬಹುದು. ಕಳಪೆ ತಂತಿ ಅಲ್ಲಿ ಬಿಸಿಯಾಗುತ್ತದೆ, ದೂರದ ಕ್ಯಾಮೆರಾ ಆಗಾಗ ಕಣ್ಣು ಮುಚ್ಚುತ್ತದೆ. ಪರೀಕ್ಷೆ ಸುಲಭ: ತಂತಿಯ ತುದಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ಬಾಕ್ಸ್ ಎತ್ತಿದರೂ ಹಗುರವೆನಿಸುತ್ತದೆ.

ಕಾರ್ಖಾನೆಯಲ್ಲಿ ಇನ್ನೊಂದು ತೊಡಕು. ಮೋಟಾರು, ವೆಲ್ಡಿಂಗ್ ಯಂತ್ರಗಳ ವಿದ್ಯುತ್ ತಂತಿಯೊಡನೆ ಒಂದೇ ಪೈಪಿನಲ್ಲಿ ಜಾಲದ ಕೇಬಲ್ ಎಳೆಯಲಾಗದು. ದಾರಿ ಬೇರೆಯಿರಬೇಕು, ಅಡ್ಡ ಹಾಯಲೇಬೇಕಾದರೆ ಲಂಬಕೋನದಲ್ಲಿ ಹಾಯಬೇಕು. ಒಂದು ಕಟ್ಟಡದಿಂದ ಮತ್ತೊಂದಕ್ಕೆ ತಾಮ್ರ ಎಳೆಯುವ ಬದಲು ಫೈಬರ್ ಹಾಕಿಸುವುದು ಉತ್ತಮ. ಸಿಡಿಲಿನ ಆಘಾತ ತಾಮ್ರದ ಮೂಲಕ ಹರಿದು ಎರಡೂ ಬದಿಯ ಸ್ವಿಚ್‌ಗಳನ್ನು ಸುಡಬಲ್ಲದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಕೆಲಸ ಮುಗಿದಾಗ ಗುತ್ತಿಗೆದಾರರು ಎಂಟು ದೀಪ ಮಿನುಗುವ ಪುಟ್ಟ ಉಪಕರಣ ಹಿಡಿದು ಎಲ್ಲವೂ ಸರಿಯೆನ್ನುವುದುಂಟು. ಎಂಟೂ ತಂತಿ ಸರಿಯಾದ ಕ್ರಮದಲ್ಲಿ ಸೇರಿವೆ ಎಂಬುದನ್ನಷ್ಟೇ ಆ ದೀಪಗಳು ಹೇಳುತ್ತವೆ. ಅಲ್ಯೂಮಿನಿಯಂ ಕೇಬಲ್ ಕೂಡ ಅಲ್ಲಿ ಪಾಸಾಗುತ್ತದೆ. ಪ್ರತಿ ಪಾಯಿಂಟಿನ ತಡೆ, ಸಂಕೇತ ನಷ್ಟ ಹಾಗೂ ಜೋಡಿಗಳ ನಡುವಿನ ಅಡ್ಡ ಸೋರಿಕೆಯನ್ನು ಅಳೆಯುವ ಯಂತ್ರವೇ ಬೇರೆ. ಅದರ ಮುದ್ರಿತ ವರದಿ ಹಾಗೂ ಪಾಯಿಂಟ್ ಸಂಖ್ಯೆಗಳಿರುವ ನಕ್ಷೆ ಕೈಸೇರುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತನ್ನು ಕಾರ್ಯಾದೇಶದಲ್ಲೇ ಬರೆಯಿಸಬೇಕು. ಗಾರೆ ಮೆತ್ತಿದ ಮೇಲೆ ಈ ಮಾತು ಎತ್ತಿದರೆ ಗೋಡೆಯನ್ನೇ ಒಡೆಯಬೇಕಾದೀತು.