ಬುದಯ್ಯದ ರಾತ್ರಿ ಪಾಳಿ: ಕಣ್ಣಿಗೆ ಕಾಣದ ಬಿಸಿಯ ಹುಡುಕಾಟ

ರಾತ್ರಿ ಹತ್ತು ಗಂಟೆಗೆ ಬುದಯ್ಯದ ನಮ್ಮ ಕಟ್ಟಡದ ಕೆಳಗೆ ಕಂಪನಿ ವ್ಯಾನ್ ಬಂದು ನಿಲ್ಲುತ್ತದೆ. ಪಕ್ಕದ ಫ್ಲ್ಯಾಟಿನ ಕುಂದಾಪುರದ ಗೆಳೆಯ ಹೆಲ್ಮೆಟ್ ಮತ್ತು ಒಂದು ಸಣ್ಣ ಪೆಟ್ಟಿಗೆ ಹಿಡಿದು ಇಳಿದು ಹೋಗುತ್ತಾನೆ. ಸಬ್‌ಸ್ಟೇಷನ್ ನಿರ್ವಹಣೆಯ ಗುತ್ತಿಗೆ ಕಂಪನಿಯಲ್ಲಿ ಅವನು ಎಲೆಕ್ಟ್ರಿಷಿಯನ್. ಊರಿಂದ ಅಮ್ಮನ ಫೋನು ಬಂದಾಗಲೆಲ್ಲ ಒಂದೇ ಪ್ರಶ್ನೆ: “ರಾತ್ರಿ ಹೊತ್ತಲ್ಲಿ ಕರೆಂಟಿನ ಹತ್ರ ಎಂತ ಕೆಲ್ಸ ಮಗಾ?” ಅವನ ಉತ್ತರವೂ ಒಂದೇ: “ಫೋಟೊ ತೆಗೆಯೂದು ಅಮ್ಮಾ.”

ಅದು ಸುಳ್ಳಲ್ಲ. ಪೆಟ್ಟಿಗೆಯಲ್ಲಿರುವುದು ಥರ್ಮಲ್ ಕ್ಯಾಮೆರಾ. ಬೆಳಕಿನ ಬದಲು, ವಸ್ತುಗಳು ಹೊರಸೂಸುವ ಅವಗೆಂಪು ಕಿರಣಗಳನ್ನು ಹಿಡಿದು ಬಿಸಿಯನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಬೋಲ್ಟ್ ಸಡಿಲವಾದರೆ, ತುಕ್ಕು ಹಿಡಿದರೆ ಆ ಜೋಡಣೆಯಲ್ಲಿ ವಿದ್ಯುತ್ತಿಗೆ ಪ್ರತಿರೋಧ ಹೆಚ್ಚಿ ಬಿಸಿ ಹುಟ್ಟುತ್ತದೆ. ಮೂರು ಫೇಸ್‌ಗಳಲ್ಲಿ ಎರಡು ತಣ್ಣಗಿದ್ದು ಒಂದು ಮಾತ್ರ ಬೆಳ್ಳಗೆ ಹೊಳೆದರೆ ಕಾಯಿಲೆ ಅಲ್ಲಿದೆ ಎಂದರ್ಥ. ಒಂದೇ ಲೋಡ್ ಇರುವ ಎರಡು ಭಾಗಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ತಕ್ಷಣ ದುರಸ್ತಿ ಮಾಡಬೇಕೆಂಬುದು ಈ ವೃತ್ತಿಯಲ್ಲಿ ಬಳಕೆಯಲ್ಲಿರುವ ಒಂದು ಅಳತೆ.

ರಾತ್ರಿಯೇ ಏಕೆ? ಹಗಲಲ್ಲಿ ಬಿಸಿಲಿಗೆ ಕಾದ ಲೋಹ ಕ್ಯಾಮೆರಾವನ್ನು ದಾರಿ ತಪ್ಪಿಸುತ್ತದೆ. ಜೊತೆಗೆ ಬಹ್ರೇನ್‌ನಲ್ಲಿ ಬೇಸಿಗೆಯ ಮಧ್ಯಾಹ್ನ 12ರಿಂದ 4ರವರೆಗೆ ಬಯಲಿನ ಕೆಲಸಕ್ಕೆ ನಿಷೇಧವಿದೆ. ಮೊದಲು ಎರಡು ತಿಂಗಳಿದ್ದ ಈ ಅವಧಿಯನ್ನು 2025ರಲ್ಲಿ ಮೂರು ತಿಂಗಳಿಗೆ ವಿಸ್ತರಿಸಲಾಯಿತು. ರಾತ್ರಿಯೂ ಎ.ಸಿ.ಗಳು ನಿಲ್ಲುವುದಿಲ್ಲವಾದ್ದರಿಂದ ತಪಾಸಣೆಗೆ ಬೇಕಾದ ಲೋಡ್ ಸಿಗುತ್ತದೆ. ಲೋಡ್ ಇಲ್ಲದಿದ್ದರೆ ದೋಷವೂ ಕಾಣದು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಜನವರಿಯಲ್ಲಿ ಸುಮ್ಮನಿದ್ದ ಜೋಡಣೆ ಆಗಸ್ಟ್‌ನಲ್ಲಿ ಸುಡುವುದು ಇದಕ್ಕೇ.

ಈ ಲೆಕ್ಕ ನನಗೆ ತಡವಾಗಿ ಅರ್ಥವಾಯಿತು. ಹಿಂದೆ ನಾನಿದ್ದ ಕಂಪನಿಯೊಂದರ ಬಜೆಟ್‌ನಲ್ಲಿ ಥರ್ಮಲ್ ತಪಾಸಣೆಯ ಸಾಲನ್ನು ಹೊಡೆದುಹಾಕಿದ್ದು ನಾನೇ. “ಎರಡು ವರ್ಷದಿಂದ ಏನೂ ಕೆಟ್ಟಿಲ್ಲವಲ್ಲ” ಎಂಬುದು ನನ್ನ ವಾದ. ಆ ಬೇಸಿಗೆಯಲ್ಲೇ ಗೋದಾಮಿನ ಮುಖ್ಯ ಪ್ಯಾನೆಲ್‌ನಲ್ಲಿ ಕೇಬಲ್ ತುದಿ ಸುಟ್ಟು, ಶೈತ್ಯಾಗಾರದ ಸರಕೆಲ್ಲ ಹಾಳಾಯಿತು. ಅದೃಷ್ಟಕ್ಕೆ ಪ್ಯಾನೆಲ್ ಎದುರು ಯಾರೂ ಇರಲಿಲ್ಲ. ತನಿಖೆಯಲ್ಲಿ ಸಿಕ್ಕಿದ್ದು ಒಂದು ಸಡಿಲ ಬೋಲ್ಟ್. ತಪ್ಪಿಹೋದ ಅವಘಡಕ್ಕೆ ಲೆಕ್ಕಪುಸ್ತಕದಲ್ಲಿ ಖಾತೆಯಿಲ್ಲ. ಆಗಿಹೋದದ್ದಕ್ಕೆ ಮಾತ್ರ ಬಿಲ್ಲು ಬರುತ್ತದೆ.

ಕರೆಂಟ್ ಹೋದರೆ ಇಲ್ಲಿ ಏನಾಗುತ್ತದೆಂದು ಹಳಬರಿಗೆ ಗೊತ್ತು. 2004ರ ಆಗಸ್ಟ್ 23ರಂದು ಇಡೀ ದ್ವೀಪದ ವಿದ್ಯುತ್ ಕಡಿತವಾಗಿತ್ತು. ಅಂದಿನ ಕಾರಣಗಳು ಬೇರೆ. ಆದರೆ ಆಗಸ್ಟ್‌ನ ಸೆಕೆಯಲ್ಲಿ ಎ.ಸಿ. ಇಲ್ಲದ ಲೇಬರ್ ಕ್ಯಾಂಪ್ ಹೇಗಿರುತ್ತದೆಂದು ಅಂದು ಇದ್ದವರೇ ಹೇಳಬೇಕು. 2009ರಿಂದ ಬಹ್ರೇನ್ ಕೊಲ್ಲಿ ರಾಷ್ಟ್ರಗಳ ಜಂಟಿ ಗ್ರಿಡ್‌ಗೆ ಸೇರಿದ್ದು, ಕೊರತೆಯಾದಾಗ ನೆರೆಯವರ ನೆರವಿದೆ. ಆದರೂ ನಮ್ಮ ಬೀದಿಗೆ ಕರೆಂಟ್ ಬರಬೇಕಾದದ್ದು 66 ಕೆ.ವಿ.ಯಿಂದ 11 ಕೆ.ವಿ.ಗೆ ಇಳಿಸುವ ಸಬ್‌ಸ್ಟೇಷನ್‌ಗಳ ಮೂಲಕವೇ. ಅಲ್ಲಿನ ಒಂದೊಂದು ಜೋಡಣೆಯೂ ಸರಿಯಿರಬೇಕು.

ಕ್ಯಾಮೆರಾಕ್ಕೂ ಮಿತಿಯಿದೆ. ಮುಚ್ಚಿದ ಲೋಹದ ಬಾಗಿಲಿನಾಚೆ, ಗಾಜಿನಾಚೆ ಅದು ನೋಡದು. ಫಳಫಳ ಹೊಳೆಯುವ ತಾಮ್ರ ಬಿಸಿಯಿದ್ದರೂ ತಣ್ಣಗೆ ಕಾಣಬಹುದು. ಬಯಲಿನ ಉಪಕರಣಗಳನ್ನು ದೂರದಿಂದಲೇ, ಕರೆಂಟ್ ತೆಗೆಯದೆ ಪರೀಕ್ಷಿಸಬಹುದು. ಆದರೆ ಕರೆಂಟ್ ಹರಿಯುತ್ತಿರುವ ಪ್ಯಾನೆಲ್‌ನ ಬಾಗಿಲು ತೆರೆಯುವಾಗ ಕಿಡಿ ಸ್ಫೋಟದ ಭಯವಿದೆ. ಅದಕ್ಕೇ ಅಗ್ನಿನಿರೋಧಕ ಉಡುಪು, ಮುಖಕವಚ, ಕೆಲಸದ ಪರ್ಮಿಟ್. ಕೆಲವು ಪ್ಯಾನೆಲ್‌ಗಳಿಗೆ ಅವಗೆಂಪು ಕಿರಣ ದಾಟುವ ವಿಶೇಷ ಕಿಟಕಿಗಳನ್ನೇ ಕೂರಿಸಿರುತ್ತಾರೆ.

ಆದ್ದರಿಂದ ಊರಿನಲ್ಲಿರುವವರಿಗೆ ಒಂದು ಮಾತು. ನಿಮ್ಮ ಮಗನೋ ಗಂಡನೋ ಇಂಥ ಕೆಲಸದಲ್ಲಿದ್ದರೆ “ಊಟ ಆಯ್ತಾ?” ಎಂದು ಕೇಳುವಾಗಲೇ “ಉಡುಪು, ಮುಖಕವಚ ಕೊಟ್ಟಿದ್ದಾರಾ?” ಎಂದೂ ಕೇಳಿ. ಮನೆಯಲ್ಲಿ ಗೀಸರ್, ಫ್ರಿಜ್ಜಿನ ಪ್ಲಗ್ ಬಿಸಿಯಾಗುತ್ತಿದ್ದರೆ, ಸ್ವಿಚ್‌ಬೋರ್ಡ್ ಕಂದಾಗಿದ್ದರೆ ಬಳಕೆ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಅದಕ್ಕೆ ಕ್ಯಾಮೆರಾ ಬೇಕಿಲ್ಲ.

ಮುಂಜಾನೆ ಐದಕ್ಕೆ ವ್ಯಾನ್ ವಾಪಸು ಬರುತ್ತದೆ. ಮೊನ್ನೆ ಗೆಳೆಯನನ್ನು ಕೇಳಿದೆ, “ಏನಾದರೂ ಸಿಕ್ತಾ?” “ಒಂದು ಜಾಯಿಂಟ್. ನಾಳೆ ಲೈನ್ ತೆಗೆದು ಬಿಗಿ ಮಾಡ್ತಾರೆ” ಎಂದವನು ಅಮ್ಮನಿಗೆ ಫೋನು ಹಚ್ಚಿದ. ಊರಲ್ಲಿ ಆಗ ಬೆಳಗಿನ ಏಳೂವರೆ.