ಪುಟ ಅವರದು, ಅಂಚು ಯಾರದು?

ಗ್ರಂಥಾಲಯದಿಂದ ತಂದ ಹೊತ್ತಗೆಯ ಅಂಚಿನಲ್ಲಿ, ಹಿಂದೆ ಅದನ್ನು ಓದಿದ ಯಾರೋ ಪುಣ್ಯಾತ್ಮರು ಪೆನ್ಸಿಲಿನಿಂದ ಗೀಚಿಟ್ಟ ‘ಭೇಷ್!’, ‘ಶುದ್ಧ ಸುಳ್ಳು’ ಎಂಬಂಥ ಮಾತುಗಳನ್ನು ಕಾಣದ ಓದುಗರು ವಿರಳ. ಗ್ರಂಥಪಾಲಕರಿಗೆ ಅದು ಅಪರಾಧ. ಓದುವವರಿಗಾದರೋ ಮುಖ ಕಾಣದ ಗೆಳೆಯನೊಬ್ಬನ ಸಂಗಾತ. ಇಂಥ ಅಂಚಿನ ಬರಹ ಒಮ್ಮೊಮ್ಮೆ ಜಗತ್ಪ್ರಸಿದ್ಧವಾಗುವುದೂ ಉಂಟು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಫೆರ್ಮಾ ಎಂಬ ಗಣಿತಜ್ಞ ಡಯೊಫಾಂಟಸನ ಗ್ರಂಥದ ಅಂಚಿನಲ್ಲಿ ಒಂದು ಪ್ರಮೇಯವನ್ನು ಬರೆದು, ಅದರ ಸಾಧನೆಯನ್ನು ವಿವರಿಸಲು ಅಲ್ಲಿ ಸ್ಥಳ ಸಾಲದೆಂದು ಕೈಬಿಟ್ಟ. ಅವನು ತೀರಿಕೊಂಡ ಮೇಲೆ, 1670ರಲ್ಲಿ, ಮಗನು ಆ ಟಿಪ್ಪಣಿಗಳನ್ನೂ ಸೇರಿಸಿ ಗ್ರಂಥವನ್ನು ಅಚ್ಚು ಹಾಕಿಸಿದ. 1995ರಲ್ಲಿ ಆಂಡ್ರ್ಯೂ ವೈಲ್ಸರ ಸಾಧನೆ ಪ್ರಕಟವಾಗುವವರೆಗೂ ಅಂಚಿನ ಆ ಮಾತು ಗಣಿತಲೋಕವನ್ನು ಕಾಡಿತು. ಮಗನು ಅದನ್ನು ಉಳಿಸದೆ ಹೋಗಿದ್ದರೆ?

ಇದೇ ಪ್ರಶ್ನೆ ಇಂದು ಅಂತರಜಾಲದ ಓದುಗರ ಮುಂದೆಯೂ ಇದೆ. ಜಾಲತಾಣದ ಪುಟದಲ್ಲಿ ಓದುಗನಿಗೆಂದು ಅಂಚೇ ಇಲ್ಲ. ಒಡೆಯರು ಜಾಗ ಕೊಟ್ಟರೆ ಅಭಿಪ್ರಾಯ ಬರೆಯಬಹುದು. ಅವರಿಗೆ ರುಚಿಸದಿದ್ದರೆ ಅದು ಮಾಯವಾಗುತ್ತದೆ.

ಈ ಕೊರತೆಯನ್ನು ನೀಗಿಸಲು ಹಲವರು ಯತ್ನಿಸಿದರು. 1993ರಲ್ಲಿ ಬಂದ ಮೊಸಾಯಿಕ್ ಎಂಬ ಬ್ರೌಸರಿನಲ್ಲಿಯೇ ಟಿಪ್ಪಣಿ ಬರೆಯುವ ಅನುಕೂಲವಿದ್ದಿತು, ಅದು ಬೆಳೆಯಲಿಲ್ಲ. 1999ರಲ್ಲಿ ‘ಥರ್ಡ್ ವಾಯ್ಸ್’ ಎಂಬ ಸಂಸ್ಥೆ, ಯಾವ ಪುಟದ ಮೇಲಾದರೂ ಚೀಟಿ ಅಂಟಿಸುವ ಉಪಕರಣವನ್ನು ಹೊರತಂದಿತು. ಜಾಲತಾಣಗಳ ಒಡೆಯರು ಅದನ್ನು ಪ್ರತಿಭಟಿಸಿದರು. 2001ರಲ್ಲಿ ಸಂಸ್ಥೆ ಬಾಗಿಲು ಹಾಕಿತು. ಗೂಗಲ್ 2009ರಲ್ಲಿ ಆರಂಭಿಸಿದ ‘ಸೈಡ್‌ವಿಕಿ’ಯೂ 2011ರಲ್ಲಿ ನಿಂತುಹೋಯಿತು. ಅಂಗಡಿ ಮುಚ್ಚಿದ ಮೇಲೆ ಗಿರಾಕಿ ಬೀದಿಯಲ್ಲಿ ನಿಂತಂತಾಯಿತು ಟಿಪ್ಪಣಿಕಾರರ ಪಾಡು.

2011ರಲ್ಲಿ ಅಮೆರಿಕದ ಡ್ಯಾನ್ ವೇಲಿ ಆರಂಭಿಸಿದ ‘ಹೈಪಾಥಿಸಿಸ್’ ಬೇರೊಂದು ದಾರಿ ಹಿಡಿಯಿತು. ಅದರ ಮೂಲಸಂಕೇತ ಮುಕ್ತವಾದುದು; ಬಲ್ಲವರು ಅದನ್ನು ಪರೀಕ್ಷಿಸಬಹುದು, ತಿದ್ದಬಹುದು, ತಮ್ಮದೇ ಗಣಕದಲ್ಲಿ ನಡೆಸಲೂಬಹುದು. ಬಳಕೆ ಸುಲಭ. ಬ್ರೌಸರಿಗೆ ಈ ಉಪಕರಣವನ್ನು ಜೋಡಿಸಿ, ಬೇಕಾದ ವಾಕ್ಯವನ್ನು ಗುರುತಿಸಿದರೆ, ಬಲಗಡೆ ತೆರೆಯುವ ಪಟ್ಟಿಯಲ್ಲಿ ಟಿಪ್ಪಣಿ ಬರೆಯಬಹುದು. ಅದನ್ನು ತನಗೊಬ್ಬನಿಗೆ ಇಟ್ಟುಕೊಳ್ಳಬಹುದು, ಒಂದು ಬಳಗಕ್ಕೆ ಮಾತ್ರ ತೋರಬಹುದು, ಇಲ್ಲವೆ ಸರ್ವರಿಗೂ ತೆರೆದಿಡಬಹುದು.

ಮೂಲಪುಟದ ಒಂದಕ್ಷರವೂ ಇದರಿಂದ ಬದಲಾಗದು. ಟಿಪ್ಪಣಿ ಬೇರೆಡೆ ಉಳಿಯುತ್ತದೆ. ಗುರುತಿಸಿದ ಮಾತನ್ನೂ ಅದರ ಹಿಂದುಮುಂದಿನ ಕೆಲವು ಅಕ್ಷರಗಳನ್ನೂ ಉಪಕರಣ ನೆನಪಿಟ್ಟುಕೊಂಡು, ಮುಂದೆ ಪುಟ ತೆರೆದಾಗ ಆ ಸ್ಥಳವನ್ನು ಹುಡುಕಿ ಹಿಡಿಯುತ್ತದೆ. ಮೂಲದ ವಾಕ್ಯವನ್ನೇ ಅಳಿಸಿದ್ದರೆ ಆ ಟಿಪ್ಪಣಿಗೆ ‘ಅನಾಥ’ವೆಂದು ಹೆಸರು, ಆದರೂ ಅದು ಸಾಯುವುದಿಲ್ಲ. 2017ರ ಫೆಬ್ರವರಿಯಲ್ಲಿ ವಿಶ್ವವ್ಯಾಪಿ ಜಾಲದ ಮಾನಕಗಳನ್ನು ರೂಪಿಸುವ ಒಕ್ಕೂಟವು ಟಿಪ್ಪಣಿಗಳಿಗೂ ಒಂದು ಸಾಮಾನ್ಯ ವಿಧಾನವನ್ನು ಗೊತ್ತುಪಡಿಸಿತು. ಆ ವಿಧಾನವನ್ನು ಅನುಸರಿಸಿದರೆ ಒಂದು ಉಪಕರಣದ ಟಿಪ್ಪಣಿ ಇನ್ನೊಂದಕ್ಕೂ ಅರ್ಥವಾದೀತು. ಫೆರ್ಮಾನ ಮಗ ಮಾಡಿದ ಕೆಲಸಕ್ಕೆ ಇದು ಇಂದಿನ ಏರ್ಪಾಡು.

ಆದರೆ ಲೇಖಕರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತನ್ನ ನೋವನ್ನು ತೋಡಿಕೊಂಡು ಬರೆದ ಹೆಣ್ಣುಮಗಳೊಬ್ಬಳ ಪ್ರತಿ ಸಾಲಿಗೂ ಅಪರಿಚಿತರು ಹೀನಾಯ ಮಾತು ಅಂಟಿಸಿದರೆ, ಅದನ್ನು ಅಳಿಸುವ ಅಧಿಕಾರ ಅವಳಿಗಿಲ್ಲವೆಂದರೆ, ನ್ಯಾಯವೆ? 2019ರಲ್ಲಿ ಇದೇ ಬಗೆಯ ‘ಡಿಸೆಂಟರ್’ ಎಂಬ ಉಪಕರಣವನ್ನು ಮೊಜಿಲ್ಲಾ ಮತ್ತು ಗೂಗಲ್ ಸಂಸ್ಥೆಗಳು ತಮ್ಮ ಉಪಕರಣಗಳ ಭಂಡಾರದಿಂದ ತೆಗೆದುಹಾಕಿದವು. ಇತ್ತ ‘ಕ್ಲೈಮೇಟ್ ಫೀಡ್‌ಬ್ಯಾಕ್’ ಎಂಬ ಬಳಗದ ವಿಜ್ಞಾನಿಗಳು ಹೈಪಾಥಿಸಿಸ್ ಉಪಕರಣದಿಂದಲೇ, ಹವಾಮಾನವನ್ನು ಕುರಿತ ಪತ್ರಿಕಾ ಲೇಖನಗಳ ಸಾಲುಸಾಲನ್ನೂ ಆಧಾರಸಹಿತವಾಗಿ ಪರಿಶೀಲಿಸಿ ಟಿಪ್ಪಣಿ ಬರೆದರು. ಅಂಚು ಒಂದೇ, ಕೈ ಬೇರೆ.

ನಮ್ಮ ಭಾಷೆಯಲ್ಲಿ ‘ಟೀಕೆ’ ಎಂಬ ಶಬ್ದವಿದೆ. ಕಠಿಣವಾದ ಕಾವ್ಯಕ್ಕೆ ಅರ್ಥ ಬಿಡಿಸಿ ಹೇಳುವ ಬರಹವೇ ಹಿಂದೆ ಟೀಕೆ. ಸಟೀಕವಾದ ಗ್ರಂಥವೆಂದರೆ ಓದುಗನಿಗೆ ಭಾಗ್ಯ. ಇಂದು ಅದೇ ಶಬ್ದಕ್ಕೆ ನಿಂದೆಯೆಂಬ ಅರ್ಥ ಹತ್ತಿದೆ. ಮುಕ್ತ ಉಪಕರಣ ನಮಗೆ ಅಂಚನ್ನು ಮರಳಿ ಕೊಟ್ಟಿದೆ. ಅಲ್ಲಿ ಯಾವ ಅರ್ಥದ ಟೀಕೆಯನ್ನು ಬರೆಯಬೇಕೆಂಬುದು ಮಾತ್ರ ಓದುಗರಾದ ನಮ್ಮ ವಿವೇಕಕ್ಕೆ ಬಿಟ್ಟದ್ದು.