ಎಣ್ಣೆ ಸುರಿದರೆ ಚೈನು ಬಾಳುವುದಿಲ್ಲ

ಆಯುಧಪೂಜೆಯ ಬೆಳಿಗ್ಗೆ ನಮ್ಮ ಕಡೆ ಸೈಕಲ್ಲಿಗೆ ಭರ್ಜರಿ ಸ್ನಾನ. ಪೈಪ್ ಹಿಡಿದು ನೀರು ಹಾಯಿಸಿ, ಬಟ್ಟೆ ಸೋಪಿನ ಪುಡಿಯಲ್ಲಿ ತಿಕ್ಕಿ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ಕೊನೆಗೆ ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನು ಚೈನಿನ ಮೇಲೆ ಸುರಿದರೆ ವರ್ಷದ ಕೆಲಸ ಮುಗಿಯಿತು. ಇದರಲ್ಲಿ ಹಾರವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸೈಕಲ್ಲಿಗೆ ಒಂದಲ್ಲ ಒಂದು ರೀತಿಯಲ್ಲಿ ತೊಂದರೆಯೇ. ಶ್ರದ್ಧೆಯಲ್ಲಿ ಕೊರತೆಯಿಲ್ಲ. ಕೇಳಿದ್ದನ್ನೇ ನಂಬಿಕೊಂಡು ಬಂದಿರುವುದು ಸಮಸ್ಯೆ.

“ಎಣ್ಣೆ ಜಾಸ್ತಿ ಇದ್ದಷ್ಟೂ ಚೈನು ಹಗುರಾಗಿ ಓಡುತ್ತದೆ”

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಇದೇ. ಚೈನಿನ ಒಂದು ಕೊಂಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎರಡು ಬದಿಗೆ ಪಟ್ಟಿಗಳು, ಅವುಗಳ ನಡುವೆ ಒಂದು ಪಿನ್ನು, ಅದರ ಸುತ್ತ ಉರುಳುವ ಪುಟ್ಟ ರೋಲರ್. ಇಂಥವು ಒಂದು ಚೈನಿನಲ್ಲಿ ನೂರರ ಆಸುಪಾಸು ಇರುತ್ತವೆ. ಸವೆತ ನಡೆಯುವುದು ಪಿನ್ನಿನ ಸುತ್ತ, ಕಣ್ಣಿಗೆ ಕಾಣದ ಆ ಸಂದಿನಲ್ಲಿ. ಎಣ್ಣೆ ಬೇಕಾಗಿರುವುದೂ ಅಲ್ಲಿಗೇ. ಹೊರಗಿನ ಪಟ್ಟಿಯ ಮೇಲೆ ನಿಂತ ಎಣ್ಣೆಗೆ ತುಕ್ಕು ತಡೆಯುವುದರ ಹೊರತು ಬೇರೆ ಕೆಲಸವಿಲ್ಲ, ಅದಕ್ಕೆ ತೆಳುವಾದ ಪೊರೆ ಸಾಕು. ಅದಕ್ಕಿಂತ ಹೆಚ್ಚಾದದ್ದು ರಸ್ತೆಯ ದೂಳನ್ನು ಹಿಡಿದುಕೊಳ್ಳುತ್ತದೆ. ದೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಎಣ್ಣೆ, ಮರಳು, ಲೋಹದ ಪುಡಿ ಸೇರಿ ಆಗುವ ಆ ಕಪ್ಪು ಮೆತ್ತೆ, ಪ್ಯಾಂಟಿನ ಅಂಚಿಗೆ ಅಂಟಿದರೆ ಜನ್ಮದಲ್ಲಿ ಹೋಗದ ಅದೇ ಮೆತ್ತೆ, ಚೈನನ್ನು ಸಾಣೆಗೆ ಹಿಡಿದಂತೆ ಅರೆಯುತ್ತದೆ.

ಹಾಗಾದರೆ ಸರಿಯಾದ ಕ್ರಮವೇನು? ಮೊದಲು ಒಣಬಟ್ಟೆಯಿಂದ ಚೈನನ್ನು ಹಿಡಿದು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಚೆನ್ನಾಗಿ ಒರೆಸಬೇಕು. ಆಮೇಲೆ ಕೆಳಭಾಗದಲ್ಲಿ ಓಡುವ ಚೈನಿನ ಒಳಮೈಗೆ, ಒಂದೊಂದು ರೋಲರಿಗೆ ಒಂದೊಂದೇ ಹನಿ. ಒಂದಿಷ್ಟು ಹೊತ್ತು ಪೆಡಲ್ ತಿರುಗಿಸಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಹೊರಗೆ ಉಳಿದ ಎಣ್ಣೆಯನ್ನು ಮತ್ತೆ ಒರೆಸಿ ತೆಗೆಯುವುದು. ಹಾಕಿದ ಎಣ್ಣೆಯನ್ನೇ ಒರೆಸುವುದೆಂದರೆ ನಮ್ಮವರಿಗೆ ಹೊಟ್ಟೆ ಉರಿಯುತ್ತದೆ. ಆದರೆ ಒಳಗೆ ಹೋಗಬೇಕಾದದ್ದು ಅಷ್ಟು ಹೊತ್ತಿಗೆ ಹೋಗಿಯಾಗಿರುತ್ತದೆ.

“ಮನೆಯಲ್ಲಿರುವ ಎಣ್ಣೆಯೇ ಸಾಕು”

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ನೋಡಿಯೇ ಇರುತ್ತೀರಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳು ಗಾಳಿಗೆ ತೆರೆದುಕೊಂಡು ದಿನ ಕಳೆದಂತೆ ಅಂಟಾಗುತ್ತವೆ. ಒಲೆಯ ಹಿಂದಿನ ಗೋಡೆಗೆ ಸಿಡಿದ ಎಣ್ಣೆಯ ಗತಿಯೇ ಚೈನಿನಲ್ಲೂ. ಇನ್ನು ಗ್ಯಾರೇಜಿನಿಂದ ಪುಕ್ಕಟೆ ತರುವ ಬೈಕಿನ ಹಳೇ ಎಂಜಿನ್ ಆಯಿಲ್. ಅದರಲ್ಲಿ ಮಸಿಯೂ ಲೋಹದ ಕಣಗಳೂ ಮೊದಲೇ ಬೆರೆತಿರುತ್ತವೆ, ಬೇಡ. ಗ್ರೀಸ್ ಬೇರಿಂಗಿಗೆ ಸರಿ. ಚೈನಿಗೆ ಬಳಿದರೆ ಸಂದಿಗೆ ಇಳಿಯದೆ ಹೊರಗೇ ಕೂತು ದೂಳು ತಿನ್ನುತ್ತದೆ.

ಸೈಕಲ್ ಅಂಗಡಿಗಳಲ್ಲಿ ಚೈನ್ ಲೂಬ್ ಎಂದೇ ಸಿಗುತ್ತದೆ. ಮಳೆಗೆ ತೊಳೆದುಹೋಗದ ‘ವೆಟ್’ ಬಗೆ ಮಲೆನಾಡಿಗೂ ಕರಾವಳಿಯ ಮಳೆಗಾಲಕ್ಕೂ ಹೊಂದುತ್ತದೆ. ಬಯಲುಸೀಮೆಯ ದೂಳಿಗೆ ‘ಡ್ರೈ’ ಬಗೆ ವಾಸಿ, ಆದರೆ ಅದನ್ನು ಪದೇ ಪದೇ ಹಾಕಬೇಕು. ಅದೂ ದುಬಾರಿ ಅನಿಸಿದರೆ ಹೊಲಿಗೆ ಮೆಷಿನ್ನಿನ ಎಣ್ಣೆ ತಾತ್ಕಾಲಿಕವಾಗಿ ನಡೆಯುತ್ತದೆ. ತೀರಾ ತೆಳುವಾದ್ದರಿಂದ ಹೆಚ್ಚು ದಿನ ನಿಲ್ಲುವುದಿಲ್ಲ.

“ಡಬ್ಲ್ಯುಡಿ-40 ಹೊಡೆದರೆ ಎಲ್ಲವೂ ಸರಿ”

ಈ ನೀಲಿ-ಹಳದಿ ಡಬ್ಬಿಯ ಹೆಸರಿನಲ್ಲೇ ಅದರ ಕೆಲಸವಿದೆ: ನೀರನ್ನು ಹೊರದಬ್ಬುವುದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ರಾಕೆಟ್ ಕೆಮಿಕಲ್ ಎಂಬ ಕಂಪನಿ ಇದನ್ನು ತಯಾರಿಸಿತು, 40ನೆಯ ಪ್ರಯತ್ನದಲ್ಲಿ ಸೂತ್ರ ಕೈಹತ್ತಿತು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೊದಲ ಉದ್ಯೋಗ. ಡಬ್ಬಿಯಲ್ಲಿ ಬಹುಪಾಲು ಇರುವುದು ಕೊಳೆ ಕರಗಿಸುವ ದ್ರಾವಕ, ಅದು ಆರಿದ ಮೇಲೆ ಉಳಿಯುವ ಎಣ್ಣೆಯ ಪೊರೆ ಬಹಳ ತೆಳು. ಆದ್ದರಿಂದ ಹೊಡೆದ ಕ್ಷಣ ಕಿರುಗುಟ್ಟುವುದು ನಿಲ್ಲುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಶುರು. ಇದು ಚೈನನ್ನು ಹಾಳುಮಾಡುತ್ತದೆ ಎಂಬ ಎದುರು ವಾದವೂ ಅಷ್ಟೇ ತಪ್ಪು. ಕೊಳೆ ಬಿಡಿಸಲು, ಮಳೆಯಲ್ಲಿ ನೆನೆದ ಚೈನಿನ ನೀರು ಓಡಿಸಲು ಬಳಸಿ, ಒರೆಸಿ, ಮೇಲೆ ನಿಜವಾದ ಲೂಬ್ ಹಾಕಿ. ಅದೇ ಕಂಪನಿ ಸೈಕಲ್ ಚೈನಿಗೆಂದು ಬೇರೆಯದೇ ಲೂಬ್ ಮಾರುತ್ತದೆ ಎಂದ ಮೇಲೆ ಇನ್ನೇನು ಹೇಳಬೇಕು? ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನ ಹತ್ತಿರ ಮಾತ್ರ ಯಾವ ಸ್ಪ್ರೇಯನ್ನೂ ಬೀಸಾಗಿ ಹೊಡೆಯಬೇಡಿ. ಡಿಸ್ಕಿಗೆ ಎಣ್ಣೆ ತಗುಲಿದರೆ ಬ್ರೇಕ್ ಹಿಡಿಯುವುದಿಲ್ಲ.

“ಪೆಟ್ರೋಲಿನಲ್ಲಿ ತೊಳೆದರೆ ಪಳಪಳ”

ಪಳಪಳ ಅನ್ನುವುದೇನೋ ನಿಜ. ಆದರೆ ಪೆಟ್ರೋಲಿನ ಆವಿಗೆ ಕಿಡಿಯೊಂದು ಸಾಕು. ಹಳೆಯ ಸೈಕಲ್ ಶಾಪಿನವರು ಸೀಮೆಎಣ್ಣೆ ಬಳಸುತ್ತಿದ್ದದ್ದು ಬುದ್ಧಿವಂತಿಕೆಯೇ: ಕೊಳೆ ಬಿಡುತ್ತದೆ, ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹಾಗೆಂದು ಒಲೆಯ ಹತ್ತಿರ ಇಡುವ ವಸ್ತುವೂ ಅಲ್ಲ. ಸೀಮೆಎಣ್ಣೆ ಪೂರ್ತಿ ಆರಿದ ಮೇಲೆಯೇ ಲೂಬ್ ಹಾಕಬೇಕು, ಇಲ್ಲದಿದ್ದರೆ ಹೊಸ ಎಣ್ಣೆಯೂ ತೆಳುವಾಗಿ ಜಾರಿಹೋಗುತ್ತದೆ. ಫ್ರೀವೀಲಿನೊಳಗೆ ಸುರಿಯುವುದಂತೂ ಕೂಡದು, ಒಳಗಿನ ಗ್ರೀಸ್ ಕರಗುತ್ತದೆ. ಬಳಸಿದ್ದನ್ನು ಚರಂಡಿಗೆ ಚೆಲ್ಲಬೇಡಿ. ಬಾಟಲಿಯಲ್ಲಿ ಇಟ್ಟರೆ ಗಸಿ ತಳಕ್ಕಿಳಿದು, ಮೇಲಿನ ತಿಳಿ ಮತ್ತೊಮ್ಮೆ ಕೆಲಸಕ್ಕೆ ಬರುತ್ತದೆ. ಸೀಮೆಎಣ್ಣೆ ಸಿಗದ ಕಡೆ ನೀರಿನಲ್ಲಿ ತೊಳೆದುಹೋಗುವ ಡಿಗ್ರೀಸರ್ ಇದೆ.

“ಹುಣಸೆಹುಳಿಗೆ ಹೋಗದ ತುಕ್ಕಿಲ್ಲ”

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ, ಚೈನಿಗೆ ಅಲ್ಲ. ಚೈನಿನ ಉಕ್ಕು ಹದಗೊಳಿಸಿ ಗಟ್ಟಿ ಮಾಡಿದ್ದು; ಹುಳಿಯಲ್ಲಿ ನೆನೆದರೆ ಅದು ಪೆಡಸಾಗುವ ಅಪಾಯವಿದೆ. ಚೈನು ತಯಾರಿಸುವ ಶಿಮಾನೊ ಕಂಪನಿ ತನ್ನ ಕೈಪಿಡಿಗಳಲ್ಲೇ ಆಮ್ಲೀಯ ಅಥವಾ ಕ್ಷಾರೀಯ ದ್ರಾವಣ ಬಳಸಬೇಡಿ, ಚೈನು ತುಂಡಾಗಬಹುದು ಎಂದು ಎಚ್ಚರಿಸುತ್ತದೆ. ನಿಂಬೆಹಣ್ಣು, ವಿನಿಗರ್, ತುಕ್ಕು ತೆಗೆಯುವ ಆ್ಯಸಿಡ್ಡು ಎಲ್ಲಕ್ಕೂ ಇದೇ ಮಾತು. ಬಟ್ಟೆ ಸೋಪಿನ ಪುಡಿ, ವಾಷಿಂಗ್ ಸೋಡಾ ಕ್ಷಾರ. ಚೈನಿಗೂ ಬೇಡ, ಅಲ್ಯೂಮಿನಿಯಂ ರಿಮ್ಮಿಗೂ ಬೇಡ. ಒಂದು ಬಕೆಟ್ ನೀರಿಗೆ ಸ್ವಲ್ಪ ಕಾರು ತೊಳೆಯುವ ಶಾಂಪೂ ಬೆರೆಸಿದರೆ ಇಡೀ ಸೈಕಲ್ಲಿಗಾಯಿತು.

“ವಾಟರ್ ಸರ್ವೀಸಿನಷ್ಟು ಚೊಕ್ಕಟ ಬೇರೆಯಿಲ್ಲ”

ಬೈಕು, ಕಾರು ತೊಳೆಯುವ ರಭಸದ ನೀರು ಹಬ್ಬಿಗೆ, ಪೆಡಲಿನ ಬುಡಕ್ಕೆ ನುಗ್ಗಿ ಬೇರಿಂಗಿನ ಗ್ರೀಸನ್ನು ಕೆಡಿಸುತ್ತದೆ. ಬಕೆಟ್ಟು, ಮಗ್ಗು, ಹಳೇ ಬನಿಯನ್ನಿನ ತುಂಡು ಸಾಕು.

“ಚೈನು ಲೂಸಾಯಿತು, ಎಳೆದುಕೊಂಡಿದೆ”

ಪಟ್ಟಿಗಳು ರಬ್ಬರಿನಂತೆ ಎಳೆದುಕೊಳ್ಳುವುದಿಲ್ಲ. ಪಿನ್ನುಗಳು ಸವೆದು, ಪ್ರತಿ ಕೀಲಿನಲ್ಲಿ ಕೂದಲೆಳೆಯಷ್ಟು ಜಾಗ ಹೆಚ್ಚಿ, ಎಲ್ಲ ಸೇರಿ ಚೈನು ಉದ್ದವಾಗುತ್ತದೆ. ಅದನ್ನು ತೊಳೆದೂ ಎಣ್ಣೆ ಬಿಟ್ಟೂ ಮೊದಲಿನಂತೆ ಮಾಡಲಾಗದು. ಪರೀಕ್ಷೆಗೆ ಸ್ಟೀಲ್ ಸ್ಕೇಲ್ ಇದ್ದರಾಯಿತು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು ಇರುವುದರಿಂದ ಸರಿಯಿರುವ ಚೈನಿನಲ್ಲಿ 24 ಕೊಂಡಿಗಳಿಗೆ ಕರಾರುವಾಕ್ಕಾಗಿ 12 ಇಂಚು. ಕೊನೆಯ ಪಿನ್ನು ಆ ಗೆರೆಯಿಂದ ಒಂದೂವರೆ ಮಿಲಿಮೀಟರಿನಷ್ಟು ಆಚೆ ಹೋಗಿದ್ದರೆ ಹೊಸ ಚೈನು ಹಾಕಿಸಿ. ಮೂರು ಮಿಲಿಮೀಟರ್ ದಾಟಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ, ಅವುಗಳ ದುಡ್ಡನ್ನೂ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.